ವಾರಂಟ್ ಆಫೀಸರ್ ಎಂದರೆ ಯಾರು?

(ಶಾಲೆಯ ಸುವರ್ಣ ಮಹೋತ್ಸವದ ಎರಡನೆಯ ದಿನ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ, 1982ರ ಎಸ್ಸೆಸ್ಸೆಲ್ಸಿ ತಂಡದ ವಿದ್ಯಾರ್ಥಿ, ವಾಯುಪಡೆಯ ನಿವೃತ್ತ ಮಾಸ್ಟರ್ ವಾರಂಟ್ ಆಫೀಸರ್ ಮಾಡಿದ ಭಾಷಣದ ಬರಹರೂಪ)



ಸ್ವಾಗತ ಮಾಡಿದವರು ನನ್ನನ್ನು "ನಮ್ಮೂರಿನ ಏರ್ ಫೋರ್ಸ್ ಆಫೀಸರ್" ಎಂದು ಕರೆದರು. ಪ್ರೀತಿಯಿಂದ ಹೇಳಿದ್ದಾರೆ, ಆದರೆ ಅದು ಪೂರ್ತಿ ಸರಿಯಲ್ಲ. ನಾನು ವಾರಂಟ್ ಆಫೀಸರ್. ಈ ಶಬ್ದ ನಮ್ಮ ಮನೆಯಲ್ಲೇ ಒಂದು ಸಲ ಗಲಿಬಿಲಿ ಮಾಡಿತ್ತು. 2008ರಲ್ಲಿ ನನಗೆ ಜೂನಿಯರ್ ವಾರಂಟ್ ಆಫೀಸರ್ ಬಡ್ತಿ ಬಂದಾಗ ತಮ್ಮನಿಗೆ ಫೋನ್ ಮಾಡಿ "ವಾರಂಟ್ ಬಂತಪ್ಪ" ಎಂದೆ. ಅವನು ಹೊಲದಲ್ಲಿದ್ದ, ಗಾಳಿ ಬೇರೆ. ಸಂಜೆಯ ಹೊತ್ತಿಗೆ ಅವ್ವ ದೇವರ ಮುಂದೆ ಕುಳಿತಿದ್ದಳು, ಮಗನ ಮೇಲೆ ಪೊಲೀಸ್ ವಾರಂಟ್ ಆಗಿದೆ ಎಂದು! ಪಕ್ಕದ ಮನೆಯ ಕಾಕಾ ಒಬ್ಬ ವಕೀಲರ ಹೆಸರನ್ನೂ ಸೂಚಿಸಿದ್ದರಂತೆ.

ನಗಬೇಡಿ, ತಪ್ಪು ಅವರದಲ್ಲ. ಹೆಸರೇ ಹಾಗಿದೆ. ಹಿಂದೆ ಇಂಗ್ಲೆಂಡಿನ ಹಡಗುಗಳಲ್ಲಿ ದೊಡ್ಡ ಮನೆತನದವರು ರಾಜನ ಕಮಿಷನ್ ಪಡೆದು ಅಧಿಕಾರಿಗಳಾಗುತ್ತಿದ್ದರು. ಅವರಲ್ಲಿ ಹಲವರಿಗೆ ಹಡಗಿನ ಒಳಗುಟ್ಟು ಗೊತ್ತಿರಲಿಲ್ಲ. ಹಾಯಿ ಹಗ್ಗ ನೋಡುವವನು, ತೋಪು ನೋಡುವವನು, ಮರದ ಕೆಲಸದ ಬಡಗಿ, ಇವರಿಗೆ ಅದು ಗೊತ್ತಿತ್ತು. ಇವರನ್ನು ಬಿಟ್ಟು ಹಡಗು ಬಂದರು ದಾಟುವಂತಿರಲಿಲ್ಲ. ಹಾಗಾಗಿ ಇವರಿಗೂ ಒಂದು ಅಧಿಕಾರಪತ್ರ ಕೊಡುತ್ತಿದ್ದರು. ಆ ಪತ್ರವೇ ವಾರಂಟ್. ಕೆಲಸ ಗೊತ್ತಿದ್ದವನಿಗೆ ಕೊಟ್ಟ ಮಾನ್ಯತೆ ಅಂತ ಇಟ್ಟುಕೊಳ್ಳಿ. ಇವತ್ತಿಗೂ ಅರ್ಥ ಬಹಳ ಬದಲಾಗಿಲ್ಲ.

ನಮ್ಮ ವಾಯುಪಡೆ ಹುಟ್ಟಿದ್ದು 1932ರ ಅಕ್ಟೋಬರ್ 8ರಂದು. ಮೊದಲ ಸ್ಕ್ವಾಡ್ರನ್ 1933ರ ಏಪ್ರಿಲ್‌ನಲ್ಲಿ ಕರಾಚಿಯಲ್ಲಿ ನಿಂತಾಗ ಅಧಿಕಾರಿಗಳು ಬೆರಳೆಣಿಕೆಯಷ್ಟು, ವಿಮಾನ ನಾಲ್ಕು, ಮತ್ತು 'ಹವಾಯಿ ಸಿಪಾಯಿ' ಎಂದು ಕರೆಸಿಕೊಂಡ ಹತ್ತೊಂಬತ್ತು ಮಂದಿ ಕೆಲಸಗಾರರು. ವಿಮಾನ ಹಾರಿಸಿದವರ ಹೆಸರು ಪುಸ್ತಕಗಳಲ್ಲಿ ಸಿಗುತ್ತದೆ. ನಾನು ಆ ಹತ್ತೊಂಬತ್ತು ಜನರ ಸಾಲಿಗೆ ಸೇರಿದವನು.

ಆ ಸಾಲಿನಲ್ಲಿ ಮೆಟ್ಟಿಲುಗಳು ಹೀಗಿವೆ. ಸೇರಿದಾಗ ಏರ್‌ಕ್ರಾಫ್ಟ್ಸ್‌ಮನ್, ಆಮೇಲೆ ಲೀಡಿಂಗ್ ಏರ್‌ಕ್ರಾಫ್ಟ್ಸ್‌ಮನ್, ಕಾರ್ಪೊರಲ್, ಸಾರ್ಜೆಂಟ್. ಕಾರ್ಪೊರಲ್ ತೋಳಿಗೆ ಎರಡು ಪಟ್ಟಿ, ಸಾರ್ಜೆಂಟ್‌ಗೆ ಮೂರು. ಅದರ ಮೇಲೆ ಜೂನಿಯರ್ ವಾರಂಟ್ ಆಫೀಸರ್, ವಾರಂಟ್ ಆಫೀಸರ್, ಕೊನೆಗೆ ಮಾಸ್ಟರ್ ವಾರಂಟ್ ಆಫೀಸರ್. ಭೂಸೇನೆಯಲ್ಲಿ ಇದ್ದು ಬಂದವರು ಇಲ್ಲಿ ಕೆಲವರಿದ್ದಾರೆ. ಅವರಿಗೆ ನಾಯಬ್ ಸುಬೇದಾರ್, ಸುಬೇದಾರ್, ಸುಬೇದಾರ್ ಮೇಜರ್ ಎಂದರೆ ತಕ್ಷಣ ತಿಳಿಯುತ್ತದೆ. ಸರಿಸಮಾನ ದರ್ಜೆಗಳು.

ನಾನು ಪಿಯುಸಿ ಮುಗಿಸಿ 1985ರಲ್ಲಿ ಸೇರಿದೆ. ಈಗ ಹೊಸಬರಿಗೆಲ್ಲ ಮೊದಲ ತರಬೇತಿ ನಮ್ಮ ಬೆಳಗಾವಿಯ ಸಾಂಬ್ರಾದಲ್ಲಿ, ಏರ್‌ಮೆನ್ ಟ್ರೇನಿಂಗ್ ಸ್ಕೂಲಿನಲ್ಲಿ. ದೇಶದ ಮೂಲೆಮೂಲೆಯ ಹುಡುಗರು ಸಾಂಬ್ರಾದ ಕೆಂಪು ಮಣ್ಣಿನಲ್ಲಿ ಪರೇಡ್ ಕಲಿಯುತ್ತಾರೆ. ಅಲ್ಲಿಂದ ಅವರವರ ಕಸುಬಿನ ಶಾಲೆಗೆ. ಬೆಂಗಳೂರಿನ ಜಾಲಹಳ್ಳಿಯಲ್ಲಿ ವಿದ್ಯುತ್ತು, ಉಪಕರಣ, ಸಂಪರ್ಕದ ಶಾಲೆಗಳಿವೆ. ಎಂಜಿನ್ ಮತ್ತು ವಿಮಾನದ ಮೈ ನೋಡುವವರಿಗೆ ಮದ್ರಾಸಿನ ಹತ್ತಿರದ ತಾಂಬರಂ. ನನಗೆ ಎಂಜಿನ್ ಬಂತು, ತಾಂಬರಂಗೆ ಹೋದೆ.

ಅಲ್ಲಿನ ಮೊದಲ ಆರು ತಿಂಗಳ ಬಗ್ಗೆ ಸ್ವಲ್ಪ ಹೇಳಲೇಬೇಕು, ಈ ಮಕ್ಕಳ ಸಲುವಾಗಿ. ಬೆಳಗಿನ ಓಟ ನನಗೆ ಕಷ್ಟವಾಗಲಿಲ್ಲ. ನಾವು ಮೂರು ಮೈಲಿ ನಡೆದು ಶಾಲೆಗೆ ಬರುತ್ತಿದ್ದವರು. ಕಷ್ಟವಾದದ್ದು ಇಂಗ್ಲಿಷು. ಕ್ಲಾಸಿನಲ್ಲಿ ಪಾಠ ಇಂಗ್ಲಿಷಿನಲ್ಲಿ, ಬೈಗುಳ ಹಿಂದಿಯಲ್ಲಿ, ಎರಡೂ ನನಗೆ ಹೊಸದು. ಎಂಜಿನ್ನಿನ ಒಳಗೆ ಗಾಳಿ ಹೇಗೆ ಒತ್ತಡಕ್ಕೆ ಸಿಕ್ಕು, ಇಂಧನದ ಜೊತೆ ಉರಿದು, ಟರ್ಬೈನಿನ ಅಲಗುಗಳನ್ನು ತಿರುಗಿಸುತ್ತದೆ ಎಂಬುದು ಚಿತ್ರ ನೋಡಿದರೆ ತಿಳಿಯುತ್ತಿತ್ತು. ಆದರೆ ಪರೀಕ್ಷೆಯಲ್ಲಿ ಬರೆಯಲು ಮಾತು ಬೇಕಲ್ಲ? ನಾನೊಂದು ಇನ್ನೂರು ಪುಟದ ನೋಟ್ ಬುಕ್ಕು ಮಾಡಿಕೊಂಡೆ. ಎಡಕ್ಕೆ ಇಂಗ್ಲಿಷ್ ಶಬ್ದ, ಬಲಕ್ಕೆ ಕನ್ನಡದಲ್ಲಿ ಅದರ ಅರ್ಥ, ಪಕ್ಕದಲ್ಲಿ ಸಣ್ಣ ಚಿತ್ರ. ಅಲ್ಲಿ ನನ್ನ ಕೈ ಹಿಡಿದದ್ದು ಇಲ್ಲಿ ಕಲಿತ ವಿಜ್ಞಾನ. ನಮ್ಮ ಶಾಲೆಯಲ್ಲಿ ಒಂದೇ ಒಂದು ವರ್ನಿಯರ್ ಕ್ಯಾಲಿಪರ್ ಇತ್ತು. ಗುರುಗಳು ಅದನ್ನು ಕಪಾಟಿನಿಂದ ತೆಗೆದು, ಒಬ್ಬೊಬ್ಬರ ಕೈಗೂ ಕೊಟ್ಟು, ಒಂದು ರೂಪಾಯಿ ನಾಣ್ಯದ ದಪ್ಪ ಅಳೆಸುತ್ತಿದ್ದರು. ತಾಂಬರಂನಲ್ಲಿ ಅದೇ ಉಪಕರಣ ಮೇಜಿಗೊಂದರಂತೆ ಇತ್ತು. ನಮ್ಮ ತಂಡದಲ್ಲಿ ಪಟ್ಟಣದ ಹುಡುಗರೇ ಕೆಲವರು ಅದನ್ನು ಮೊದಲ ಸಲ ಮುಟ್ಟುತ್ತಿದ್ದರು.

ತರಬೇತಿ ಮುಗಿದ ಮೇಲೆ ಎಎನ್-32 ವಿಮಾನಕ್ಕೆ ಹಾಕಿದರು. ಇದು ಸೋವಿಯೆತ್ ಒಕ್ಕೂಟದಿಂದ 1984ರಿಂದ ಬರತೊಡಗಿದ ಸಾಗಣೆ ವಿಮಾನ. ರೆಕ್ಕೆಯ ಮೇಲೆ ಎತ್ತರದಲ್ಲಿ ಎರಡು ಎಂಜಿನ್, ಒಂದೊಂದಕ್ಕೆ ಐದು ಸಾವಿರ ಅಶ್ವಶಕ್ತಿಗೂ ಹೆಚ್ಚು. ಲಡಾಖಿಗೆ, ಅರುಣಾಚಲದ ಗಡಿಗೆ, ರಸ್ತೆ ಇಲ್ಲದ ಕಡೆ ಅಕ್ಕಿ, ಸೀಮೆಎಣ್ಣೆ, ಔಷಧಿ, ಸೈನಿಕರು, ಕೆಲವೊಮ್ಮೆ ಕುರಿ ಕೋಳಿ ಎಲ್ಲವೂ ಇದರಲ್ಲೇ. ನಾನು ನನ್ನ ಸೇವೆಯ ಬಹುಪಾಲನ್ನು ಈ ಒಂದೇ ಜಾತಿಯ ಎಂಜಿನ್ನಿನ ಕೆಳಗೆ ಕಳೆದೆ. ಅಸ್ಸಾಮಿನ ಜೋರ್ಹಾಟ್, ಚಂಡೀಗಢ, ನಮ್ಮ ಯಲಹಂಕ, ನಡುವೆ ತಾಂಬರಂನಲ್ಲಿ ಬೋಧಕನಾಗಿ ಕೆಲವು ವರ್ಷ.

ವಾರಂಟ್ ಆಫೀಸರ್ ಎಂದರೆ ಏನು ಎಂದು ನನಗೆ ಪುಸ್ತಕದಿಂದ ತಿಳಿಯಲಿಲ್ಲ, ಜೋರ್ಹಾಟಿನಲ್ಲಿ ಒಂದು ರಾತ್ರಿ ತಿಳಿಯಿತು. ನಾನಾಗ ಕಾರ್ಪೊರಲ್. ನಮ್ಮ ಸಲಕರಣೆ ಪೆಟ್ಟಿಗೆಯಲ್ಲಿ ಪ್ರತಿ ಪಾನಾ, ಪ್ರತಿ ಸ್ಕ್ರೂ ಡ್ರೈವರಿಗೂ ಅದರದೇ ಆಕಾರದ ಗುಳಿ ಇರುತ್ತದೆ. ಕೆಲಸಕ್ಕೆ ಮುಂಚೆ ಎಣಿಸಬೇಕು, ಮುಗಿದ ಮೇಲೆ ಎಣಿಸಬೇಕು. ಆ ರಾತ್ರಿ ಎಣಿಸಿದಾಗ ಒಂದು ಗುಳಿ ಖಾಲಿ. ತಂತಿ ತಿರುವುವ ಇಕ್ಕಳ ಇಲ್ಲ. ಬೆಳಗಿನ ಜಾವ ವಿಮಾನ ಗಡಿಯ ಒಂದು ಠಾಣೆಗೆ ಹೋಗಬೇಕಿತ್ತು. ನಾಲ್ಕು ದಿನದ ಮಳೆಯ ನಂತರ ಮೋಡ ತೆರೆದಿತ್ತು, ಮತ್ತೆ ಯಾವಾಗ ಮುಚ್ಚುತ್ತದೋ ಯಾರಿಗೆ ಗೊತ್ತು? ಎಲ್ಲರಿಗೂ ಅವಸರ. ಇಕ್ಕಳ ಶೆಡ್ಡಿನಲ್ಲಿ ಎಲ್ಲೋ ಬಿದ್ದಿರುತ್ತದೆ, ಬೆಳಕಾದ ಮೇಲೆ ಹುಡುಕಿದರಾಯಿತು ಎಂದು ಒಂದಿಬ್ಬರು ಹೇಳಿದರು.

ನಮ್ಮ ವಾರಂಟ್ ಆಫೀಸರ್ ಕೇರಳದವರು, ನಿವೃತ್ತಿಗೆ ಎರಡು ವರ್ಷ ಇತ್ತು, ಜೋರಾಗಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಪ್ರತಿ ವಿಮಾನಕ್ಕೂ ಫಾರ್ಮ್-700 ಎಂಬ ಪುಸ್ತಕ ಇರುತ್ತದೆ. ಯಾವ ಕೆಲಸ ಆಯಿತು, ಯಾರು ಮಾಡಿದರು, ಯಾರು ಪರೀಕ್ಷಿಸಿದರು ಎಂದು ಅದರಲ್ಲಿ ಸಹಿ ಬೀಳಬೇಕು. ಸಹಿ ಬೀಳದೆ ಪೈಲಟ್ ವಿಮಾನ ಹತ್ತುವಂತಿಲ್ಲ. ಅವರು ಆ ಪುಸ್ತಕವನ್ನು ಮುಚ್ಚಿ, ಅದರ ಮೇಲೆ ತಮ್ಮ ಟೋಪಿ ಇಟ್ಟು, ಟಾರ್ಚ್ ಹಿಡಿದು ತಾವೇ ಏಣಿ ಹತ್ತಿದರು. ಸ್ವಲ್ಪ ಹೊತ್ತಿಗೆ ಒಬ್ಬ ಹಿರಿಯ ಅಧಿಕಾರಿ ಬಂದು ಎಷ್ಟು ಹೊತ್ತಾಗುತ್ತದೆ ಎಂದು ಕೇಳಿದರು. ಇವರು ಮೇಲಿಂದಲೇ, "ಸಿಕ್ಕಾಗ ಹೇಳುತ್ತೇನೆ, ಸರ್" ಎಂದರು. ಅಷ್ಟೇ. ಆ ಅಧಿಕಾರಿಯೂ ದೊಡ್ಡವರು. ಇನ್ನೊಂದು ಮಾತು ಆಡದೆ ಅಲ್ಲೇ ಒಂದು ಪೆಟ್ಟಿಗೆಯ ಮೇಲೆ ಕುಳಿತರು, ನಮ್ಮ ಜೊತೆ ಚಹಾ ಕುಡಿದರು. ರಾತ್ರಿ ಎರಡರ ಸುಮಾರಿಗೆ ಎಂಜಿನ್ನಿನ ಹೊದಿಕೆಯ ಒಳಗೆ, ಎರಡು ಕೊಳವೆಗಳ ನಡುವೆ ಇಕ್ಕಳ ಸಿಕ್ಕಿತು. ಹಾರಾಟದ ನಡುಕಕ್ಕೆ ಅದು ಜಾರಿ ಇಂಧನದ ಕೊಳವೆಯನ್ನು ತಿಕ್ಕಿದ್ದರೆ ಏನಾಗುತ್ತಿತ್ತು ಎಂದು ಯಾರೂ ಬಾಯಿ ಬಿಟ್ಟು ಹೇಳಲಿಲ್ಲ. ಅವರು ಕೆಳಗಿಳಿದು, ಟೋಪಿ ಹಾಕಿಕೊಂಡು, ಸಹಿ ಮಾಡಿದರು. ಕೆಲಸ ಮಾಡಿದ್ದ ಹುಡುಗನಿಗೆ ಮರುದಿನ ಶಿಕ್ಷೆ ಆಯಿತು, ಆದರೆ ಆ ರಾತ್ರಿ ಯಾರೂ ಬೈಯಲಿಲ್ಲ.

ಅದಕ್ಕೇ ಹೇಳುವುದು, ಇಪ್ಪತ್ತೈದು ವರ್ಷದ ಪೈಲಟ್ ದರ್ಜೆಯಲ್ಲಿ ಮೇಲಿನವರು. ಐವತ್ತು ವರ್ಷದ ವಾರಂಟ್ ಆಫೀಸರ್ ಅವರಿಗೆ ಸೆಲ್ಯೂಟ್ ಹೊಡೆಯುತ್ತಾನೆ. ಆದರೆ "ವಾರಂಟ್ ಸಾಬ್, ವಿಮಾನ ಹೇಗಿದೆ?" ಎಂದು ಕೇಳಿ, ಉತ್ತರ ಬಂದ ಮೇಲೆಯೇ ಅವರು ಏಣಿ ಹತ್ತುತ್ತಾರೆ. ನಮ್ಮ ಮನೆಗಳಲ್ಲಿ ಸೋದರಮಾವನಿಗೆ ಆಸ್ತಿಯ ಹಕ್ಕಿಲ್ಲ, ಆದರೂ ಅವನನ್ನು ಕೇಳದೆ ಮದುವೆ ಆಗುವುದಿಲ್ಲವಲ್ಲ, ಸುಮಾರು ಹಾಗೆ.

ಬಡ್ತಿ ಹೇಗೆ ಬರುತ್ತದೆ ಎಂದು ಬಹಳ ಜನ ಕೇಳುತ್ತಾರೆ. ಕೆಳಗಿನ ಮೆಟ್ಟಿಲುಗಳಲ್ಲಿ ಸೇವೆಯ ಅವಧಿ ಮತ್ತು ಇಲಾಖಾ ಪರೀಕ್ಷೆ. ಪರೀಕ್ಷೆ ಪಾಸಾಗದವನು ಅಲ್ಲೇ ನಿಲ್ಲುತ್ತಾನೆ. ಸಾರ್ಜೆಂಟ್ ದಾಟಿದ ಮೇಲೆ ಲೆಕ್ಕ ಬೇರೆ. ನಿಮ್ಮ ಕಸುಬಿನಲ್ಲಿ ಮೇಲೆ ಜಾಗ ಖಾಲಿ ಇರಬೇಕು, ವರ್ಷವರ್ಷದ ಗೋಪ್ಯ ವರದಿ ಚೆನ್ನಾಗಿರಬೇಕು, ಶಿಸ್ತಿನ ದಾಖಲೆಯಲ್ಲಿ ಕೆಂಪು ಶಾಯಿ ಇರಬಾರದು, ಆರೋಗ್ಯದ ದರ್ಜೆ ಇಳಿದಿರಬಾರದು. ಒಂದೇ ದಿನ ಸೇರಿದ ಇಬ್ಬರಲ್ಲಿ ಒಬ್ಬನ ಕಸುಬಿನಲ್ಲಿ ಜಾಗ ಬೇಗ ಖಾಲಿಯಾಗುತ್ತದೆ, ಇನ್ನೊಬ್ಬ ಕಾಯುತ್ತಲೇ ಇರುತ್ತಾನೆ. ಇದು ನ್ಯಾಯವೇ ಎಂದು ಕೇಳಿದರೆ, ಅಲ್ಲ. ಕಾಯುವವನ ಹೊಟ್ಟೆಯುರಿ ತಣಿಸಲು ಎಂಟು, ಹದಿನಾರು, ಇಪ್ಪತ್ನಾಲ್ಕು ವರ್ಷ ತುಂಬಿದಾಗ ಸಂಬಳದ ಶ್ರೇಣಿಯನ್ನಾದರೂ ಏರಿಸುವ ವ್ಯವಸ್ಥೆ ಇದೆ. ಸಂಬಳ ಏರುತ್ತದೆ, ತೋಳಿನ ಪಟ್ಟಿ ಏರುವುದಿಲ್ಲ.

ನನ್ನ ಲೆಕ್ಕ ಹೇಳುತ್ತೇನೆ: 1991ರಲ್ಲಿ ಕಾರ್ಪೊರಲ್, 1999ರಲ್ಲಿ ಸಾರ್ಜೆಂಟ್, 2008ರಲ್ಲಿ ಜೂನಿಯರ್ ವಾರಂಟ್, 2014ರಲ್ಲಿ ವಾರಂಟ್, 2019ರಲ್ಲಿ ಮಾಸ್ಟರ್ ವಾರಂಟ್. ನೋಡಿ, ಅವ್ವನನ್ನು ಹೆದರಿಸಿದ ಆ ಹೆಸರು ಬರಲು ಇಪ್ಪತ್ತಮೂರು ವರ್ಷ ಬೇಕಾಯಿತು. ನಮಗೆ ಮೊದಲ ಕರಾರು ಇಪ್ಪತ್ತು ವರ್ಷದ್ದು. ಆಮೇಲೆ ಸೇವೆ ವಿಸ್ತರಿಸುತ್ತಾ ಹೋದರೆ ಐವತ್ತೇಳನೆಯ ವಯಸ್ಸಿನವರೆಗೆ ಇರಬಹುದು. ನನ್ನ ಜೊತೆಯವರಲ್ಲಿ ಬಹಳ ಜನ ಇಪ್ಪತ್ತಕ್ಕೇ ಪಿಂಚಣಿ ಹಿಡಿದು ಬ್ಯಾಂಕಿಗೋ ಬೇರೆ ನೌಕರಿಗೋ ಹೋದರು. ಅವರ ನಿರ್ಧಾರ ತಪ್ಪೆಂದು ನಾನು ಹೇಳಲಾರೆ. ಹೆಂಡತಿ ಮಕ್ಕಳನ್ನು ಮೂರು ನಾಲ್ಕು ವರ್ಷಕ್ಕೊಮ್ಮೆ ಊರಿಂದೂರಿಗೆ ಎಳೆಯುವುದು ಸುಲಭವಲ್ಲ. ಅಪ್ಪ ತೀರಿಕೊಂಡಾಗ ನಾನು ಜೋರ್ಹಾಟಿನಿಂದ ಮೂರನೆಯ ದಿನಕ್ಕೆ ಊರು ಮುಟ್ಟಿದೆ. ಕೊಳ್ಳಿ ಇಟ್ಟದ್ದು ತಮ್ಮ.

ಮಾಸ್ಟರ್ ವಾರಂಟ್ ಆದವರಲ್ಲಿ ಕೆಲವರಿಗೆ ಜನವರಿ 26 ಅಥವಾ ಆಗಸ್ಟ್ 15ರಂದು ಗೌರವ ಕಮಿಷನ್ ಘೋಷಣೆಯಾಗುತ್ತದೆ, ಗೌರವ ಫ್ಲೈಯಿಂಗ್ ಆಫೀಸರ್ ಎಂದು. ನನಗೆ ಅದು ಬರಲಿಲ್ಲ. 2010ರಲ್ಲಿ ಸಚಿನ್ ತೆಂಡೂಲ್ಕರ್ ಅವರಿಗೆ ಗೌರವ ಗ್ರೂಪ್ ಕ್ಯಾಪ್ಟನ್ ಪದವಿ ಕೊಟ್ಟಾಗ ಊರಿನ ಹುಡುಗರು, "ಅಣ್ಣಾ, ನೀವು ಇಪ್ಪತ್ತೈದು ವರ್ಷ ದುಡಿದರೂ ಸಚಿನ್ ನಿಮಗಿಂತ ಮೇಲಾದ್ರಲ್ಲ!" ಎಂದು ಚಾಷ್ಟಿ ಮಾಡಿದ್ದರು. ಅವರು ಗಳಿಸಿದ ಶತಕಗಳ ಮುಂದೆ ನನ್ನ ದೂರೇನೂ ಇಲ್ಲ. ಎರಡೂ ಬೇರೆ ಬೇರೆ ಗೌರವ, ಅಷ್ಟು ತಿಳಿದರೆ ಸಾಕು.

ಇನ್ನೊಂದು ವಿಷಯ ಕೇಳಿ. ಅಮೆರಿಕದ ವಾಯುಪಡೆ 1959ರಲ್ಲಿ ವಾರಂಟ್ ಆಫೀಸರ್‌ಗಳ ನೇಮಕವನ್ನೇ ನಿಲ್ಲಿಸಿಬಿಟ್ಟಿತ್ತು. ಈಗ 2024ರಲ್ಲಿ ಮತ್ತೆ ಶುರು ಮಾಡಿದೆ, ಕಂಪ್ಯೂಟರ್ ಮತ್ತು ಸೈಬರ್ ಕೆಲಸಕ್ಕೆ. ಕಸುಬು ಗೊತ್ತಿರುವವರನ್ನು ಆಡಳಿತದ ಕುರ್ಚಿಗೆ ಏರಿಸಿ ಕಳೆದುಕೊಳ್ಳುವುದಕ್ಕಿಂತ, ಕಸುಬಿನಲ್ಲೇ ಇಟ್ಟುಕೊಂಡು ಮಾನ ಕೊಡುವುದು ಮೇಲು ಎಂದು ಅವರಿಗೂ ಕಂಡಿರಬೇಕು.

ಈಗ ನಿನ್ನೆ ಸಂಜೆ ನಮ್ಮ ಓಣಿಯ ಒಬ್ಬರು ಕೇಳಿದ ಪ್ರಶ್ನೆಗೆ ಬರುತ್ತೇನೆ. ಇಲ್ಲೇ ಕುಳಿತಿದ್ದಾರೆ, ಹೆಸರು ಹೇಳುವುದಿಲ್ಲ. "ತಮ್ಮಾ, ನಮ್ಮ ಹುಡುಗನ್ನ ಅಗ್ನಿವೀರ ಅಂತ ಕಳಸ್ಲೇನು? ನಿನ್ನಂಗ ಮಾಸ್ಟರ್ ವಾರಂಟ್ ಆಗ್ತಾನೇನು?" ಎಂದರು. ಅವರಿಗೆ ನಿನ್ನೆ ಅರ್ಧ ಉತ್ತರ ಕೊಟ್ಟೆ, ಇನ್ನರ್ಧ ಎಲ್ಲರ ಮುಂದೆ ಹೇಳುತ್ತೇನೆ.

2022ರಿಂದ ನಾನು ಸೇರಿದ ದಾರಿ ಇಲ್ಲ. ಈಗ ಹುಡುಗ ಅಗ್ನಿವೀರವಾಯು ಆಗಿ ನಾಲ್ಕು ವರ್ಷಕ್ಕೆ ಸೇರುತ್ತಾನೆ. ಮೊದಲ ವರ್ಷ ತಿಂಗಳಿಗೆ 30,000 ರೂಪಾಯಿ, ನಾಲ್ಕನೆಯ ವರ್ಷ 40,000. ಅದರಲ್ಲಿ ಮೂವತ್ತು ಪಾಲು ಸೇವಾ ನಿಧಿಗೆ ಹಿಡಿಯುತ್ತಾರೆ, ಸರ್ಕಾರವೂ ಅಷ್ಟೇ ಹಾಕುತ್ತದೆ, ನಾಲ್ಕು ವರ್ಷ ಮುಗಿದಾಗ ಹತ್ತು ಲಕ್ಷದಷ್ಟು ಗಂಟು ಕೈಗೆ ಬರುತ್ತದೆ. 48 ಲಕ್ಷದ ಜೀವ ವಿಮೆ ಇದೆ. ಪಿಂಚಣಿ ಇಲ್ಲ. ನಾಲ್ಕು ವರ್ಷದ ನಂತರ ನೂರರಲ್ಲಿ ಹೆಚ್ಚೆಂದರೆ ಇಪ್ಪತ್ತೈದು ಜನರನ್ನು ಕಾಯಂ ಸೇವೆಗೆ ತೆಗೆದುಕೊಳ್ಳುತ್ತಾರೆ. ಹಾಗೆ ಉಳಿದವನು ಕನಿಷ್ಠ ಹದಿನೈದು ವರ್ಷ ಇರಬೇಕು. ಆಮೇಲೆ ನಾನು ಹೇಳಿದ ಮೆಟ್ಟಿಲುಗಳು. ಅಂದರೆ ಈ ವರ್ಷ ಸೇರಿದ ಹುಡುಗನ ತೋಳಿನಲ್ಲಿ ವಾರಂಟ್ ಗುರುತು ಕಾಣುವುದು, ಎಲ್ಲ ಸರಿಯಾದರೆ, 2045ರ ಆಚೀಚೆ.

ಹಾಗಾಗಿ ನನ್ನ ಉತ್ತರ: "ನಿನ್ನಂಗ ಆಗ್ತಾನೇನು" ಎಂಬ ಲೆಕ್ಕದಲ್ಲಿ ಕಳಿಸಬೇಡಿ. ನಾಲ್ಕು ಜನರಲ್ಲಿ ಮೂವರು ಇಪ್ಪತ್ತೆರಡು, ಇಪ್ಪತ್ತಮೂರನೆಯ ವಯಸ್ಸಿಗೆ ವಾಪಸು ಬರುತ್ತಾರೆ ಎಂದು ಮೊದಲೇ ತಿಳಿದು ಕಳಿಸಿ. ಅವನು ಬಂದ ಮೇಲೆ ಆ ಹತ್ತು ಲಕ್ಷ ಅಕ್ಕನ ಮದುವೆಗೋ ಹೊಸ ಟ್ರ್ಯಾಕ್ಟರಿಗೋ ಹೋಗುವಂತಿದ್ದರೆ ಕಳಿಸಲೇಬೇಡಿ. ಅದು ಅವನ ಮುಂದಿನ ಓದಿನ ದುಡ್ಡು. ಕೇಂದ್ರದ ಸಶಸ್ತ್ರ ಪೊಲೀಸ್ ಪಡೆಗಳಲ್ಲಿ ಮಾಜಿ ಅಗ್ನಿವೀರರಿಗೆ ಮೀಸಲಾತಿ ಘೋಷಣೆಯಾಗಿದೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಆದರೆ ವಾಯುಪಡೆಯ ಮೊದಲ ತಂಡ ನಾಲ್ಕು ವರ್ಷ ಮುಗಿಸುವುದೇ 2026ರ ಕೊನೆಗೆ. ಅಲ್ಲಿಯವರೆಗೆ ಯಾರು ಏನೇ ಖಾತ್ರಿ ಕೊಟ್ಟರೂ ಒಂದು ಕಿವಿಯಲ್ಲಿ ಕೇಳಿ.

ನನ್ನ ಸ್ವಂತ ಅಭಿಪ್ರಾಯ ಕೇಳಿದರೆ, ಮನಸ್ಸು ಎರಡಾಗಿದೆ. 2023ರಲ್ಲಿ ನಾನು ನಿವೃತ್ತಿಯಾಗುವ ಕೊನೆಯ ತಿಂಗಳುಗಳಲ್ಲಿ ಮೊದಲ ತಂಡದ ಹುಡುಗರು ಬರತೊಡಗಿದ್ದರು. ಚುರುಕು, ಇಂಗ್ಲಿಷ್ ನಮಗಿಂತ ಮೇಲು, ಪ್ರಶ್ನೆ ಕೇಳುತ್ತಾರೆ. ಆದರೆ ಎಂಜಿನ್ನಿನ ಶಬ್ದ ಕೇಳಿ ಯಾವ ಬೇರಿಂಗ್ ಸವೆದಿದೆ ಎಂದು ಹೇಳಲು ಹತ್ತು ವರ್ಷ ಬೇಕು. ಆ ಕೇರಳದ ವಾರಂಟ್ ಆಫೀಸರ್ ಟೋಪಿ ಇಟ್ಟು ಏಣಿ ಹತ್ತಿದ ಧೈರ್ಯಕ್ಕೆ ಮೂವತ್ತು ವರ್ಷದ ಸೇವೆ ಇತ್ತು. ನಾಲ್ಕನೆಯ ವರ್ಷದಲ್ಲಿ ತನ್ನನ್ನು ಉಳಿಸಿಕೊಳ್ಳುತ್ತಾರೋ ಇಲ್ಲವೋ ಎಂದು ಕಾಯುತ್ತಿರುವ ಹುಡುಗ ಹಿರಿಯ ಅಧಿಕಾರಿಗೆ "ಸಿಕ್ಕಾಗ ಹೇಳುತ್ತೇನೆ" ಎನ್ನಬಲ್ಲನೇ? ಕೆಲವರು ಎಂದಾರು. ಇಪ್ಪತ್ತೈದು ಜನರನ್ನು ಆರಿಸುವವರು ಅಂಥವರನ್ನೇ ಆರಿಸಲಿ ಎಂದು ನನ್ನ ಆಸೆ.

ಒಂದು ವಿಷಯದಲ್ಲಿ ಮಾತ್ರ ನನಗೆ ಎರಡು ಮನಸ್ಸಿಲ್ಲ. ವಾಯುಪಡೆಯಲ್ಲಿ ಹೆಣ್ಣುಮಕ್ಕಳು ಅಧಿಕಾರಿಗಳಾಗಿ ದಶಕಗಳಿಂದ ಇದ್ದಾರೆ. ಆದರೆ ನಮ್ಮ ಸಾಲಿಗೆ, ಪಾನಾ ಹಿಡಿಯುವ ಸಾಲಿಗೆ, ಅವರಿಗೆ ಬಾಗಿಲೇ ಇರಲಿಲ್ಲ. 2023ರಲ್ಲಿ ಹುಡುಗಿಯರ ಮೊದಲ ತಂಡ ಸಾಂಬ್ರಾದಲ್ಲಿ ತರಬೇತಿ ಮುಗಿಸಿತು. ಇಲ್ಲಿ ಎಂಟನೆಯ, ಒಂಬತ್ತನೆಯ ತರಗತಿಯ ಹುಡುಗಿಯರು ಕುಳಿತಿದ್ದಾರೆ. ಹೊಲಿಗೆ ಯಂತ್ರ ಕೆಟ್ಟರೆ ಬಿಚ್ಚಿ ಜೋಡಿಸುವ ಒಬ್ಬಳಾದರೂ ನಿಮ್ಮಲ್ಲಿ ಇದ್ದೇ ಇರುತ್ತಾಳೆ. ಅವಳ ತಂದೆ ತಾಯಿ ನನ್ನನ್ನು ಒಮ್ಮೆ ಕಂಡರೆ ಸಂತೋಷ.

ಕಡೆಯದಾಗಿ ದುಡ್ಡಿನ ವಿಷಯ. ಪಟ್ಟಣದಲ್ಲಿ ಗೋಡೆ ಗೋಡೆಗೂ ಜಾಹೀರಾತು, "ಸೇನಾ ಆಯ್ಕೆ ಖಾತ್ರಿ" ಎಂದು. ನಮ್ಮೂರಿನ ಒಂದು ಮನೆಯವರು ಎಮ್ಮೆ ಮಾರಿ ಅಂಥ ಒಂದು ಕಡೆ ದುಡ್ಡು ಕಟ್ಟಿದ್ದಾರೆ, ಹುಡುಗನ ಹೆಸರು ಆಯ್ಕೆ ಪಟ್ಟಿಯಲ್ಲಿ ಬರಲಿಲ್ಲ. ತಾಯಂದಿರೇ, ಆಯ್ಕೆಗೆ ಯಾರೂ ಖಾತ್ರಿ ಕೊಡಲಾರರು. ಅರ್ಜಿ ಆನ್‌ಲೈನಿನಲ್ಲಿ, ಶುಲ್ಕ ಕೆಲವು ನೂರು ರೂಪಾಯಿ. ಪರೀಕ್ಷೆ ಕಂಪ್ಯೂಟರಿನಲ್ಲಿ: ವಿಜ್ಞಾನದವರಿಗೆ ಗಣಿತ, ಭೌತಶಾಸ್ತ್ರ, ಇಂಗ್ಲಿಷ್. ಪಿಯುಸಿಯಲ್ಲಿ ನೂರಕ್ಕೆ ಐವತ್ತು ಅಂಕ ಬೇಕು, ಇಂಗ್ಲಿಷಿನಲ್ಲೂ ಅಷ್ಟೇ. ನಮ್ಮ ಹುಡುಗರು ಮುಗ್ಗರಿಸುವುದು ಓಟದಲ್ಲಿ ಅಲ್ಲ, ಇದೇ ಇಂಗ್ಲಿಷಿನಲ್ಲಿ. ಅದಾದ ಮೇಲೆ ದೇಹ ಪರೀಕ್ಷೆ, ವೈದ್ಯಕೀಯ. ಇದರ ನಡುವೆ ದಲ್ಲಾಳಿಗೆ ನಿಲ್ಲಲು ಜಾಗವಿಲ್ಲ.

ಮುಖ್ಯೋಪಾಧ್ಯಾಯರ ಹತ್ತಿರ ಮಾತಾಡಿದ್ದೇನೆ. ಮುಂದಿನ ವಾರದಿಂದ ಪ್ರತಿ ಭಾನುವಾರ ಬೆಳಿಗ್ಗೆ ಒಂಬತ್ತರಿಂದ ಹನ್ನೆರಡರವರೆಗೆ ನಾನು ಶಾಲೆಯ ವಾಚನಾಲಯದಲ್ಲಿ ಇರುತ್ತೇನೆ. ಅಂಕಪಟ್ಟಿ, ಆಧಾರ್ ಕಾರ್ಡು ತನ್ನಿ, ಅರ್ಜಿ ಜೊತೆಯಲ್ಲಿ ಕುಳಿತು ತುಂಬೋಣ. ಪಿಯುಸಿ ಮಕ್ಕಳಿಗೆ ಇಂಗ್ಲಿಷ್ ಓದಿಸಲು ನನ್ನ ತಂಡದ ಇಬ್ಬರು ನಿವೃತ್ತ ಶಿಕ್ಷಕ ಗೆಳೆಯರು ಒಪ್ಪಿದ್ದಾರೆ. ನಾನು ತಾಂಬರಂನಲ್ಲಿ ಬರೆದಿದ್ದ ಇನ್ನೂರು ಪುಟದ ಆ ನೋಟ್ ಬುಕ್ಕನ್ನು ಜೆರಾಕ್ಸ್ ಮಾಡಿಸಿ ವಾಚನಾಲಯಕ್ಕೆ ಕೊಟ್ಟಿದ್ದೇನೆ, ಬೇಕಾದವರು ನೋಡಬಹುದು. ಅದರ ಜೊತೆಗೆ ಆರು ವರ್ನಿಯರ್ ಕ್ಯಾಲಿಪರ್‌ಗಳಿವೆ. ವಿಜ್ಞಾನದ ಗುರುಗಳು ದಯವಿಟ್ಟು ಅವನ್ನು ಕಪಾಟಿನಲ್ಲಿ ಇಟ್ಟು ಬೀಗ ಹಾಕಬಾರದು ಎಂದು ಕೇಳಿಕೊಳ್ಳುತ್ತೇನೆ.